ತಪ್ಪು ತೀರ್ಪಿನ ಭಯ ಕುರಿತು ಮಗಳಿಗೆ

ಗದಗ

ಚಿರಂಜೀವಿ ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕುವ ವಿಚಾರ ಓದಿ ಸಂತೋಷವಾಯಿತು. ಆದರೆ ಪತ್ರದ ಕೊನೆಯಲ್ಲಿ, ‘ನಾನು ತಪ್ಪು ತೀರ್ಪು ಬರೆದು, ಅದು ತಪ್ಪೆಂದು ನನಗೆ ಎಂದೂ ತಿಳಿಯದೇ ಹೋದರೆ?’ ಎಂದು ಕೇಳಿದ್ದೀ. ಆ ಮಾತು ನನ್ನ ನಿದ್ದೆಗೆಡಿಸಿದೆ.

ಮೇಲ್ಮನವಿ ಇದೆಯಲ್ಲ ಎಂದು ನಿನ್ನನ್ನು ಸಮಾಧಾನಪಡಿಸಲು ನನಗೆ ಮನಸ್ಸು ಬರುತ್ತಿಲ್ಲ. ಮೊದಲನೆಯ ಅಪೀಲಿನಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುತ್ತಾರೆ, ನಿಜ. ಆದರೆ ಅವರ ಮುಂದೆ ಇರುವುದು ಕಾಗದ, ಸಾಕ್ಷಿದಾರನ ಮುಖವಲ್ಲ. ಹೈಕೋರ್ಟಿಗೆ ಹೋಗುವ ಎರಡನೆಯ ಅಪೀಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 100ರ ಪ್ರಕಾರ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಮಾತ್ರ. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬರುವ ಮೊದಲು ನಮ್ಮ ಭಾಗದ ರೈತ ಅದಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿತ್ತು, ಮತ್ತು ಖರ್ಚಿಗೆ ಹೆದರಿ ಕೆಳಗಿನ ಕೋರ್ಟಿನ ತೀರ್ಪನ್ನೇ ಕೊನೆಯದೆಂದು ಒಪ್ಪಿಕೊಂಡು ಊರಿಗೆ ಮರಳಿದ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಆದ್ದರಿಂದ ನಿನ್ನ ಭಯ ಹುಸಿಯಲ್ಲ.

ಅದೇ ಭಯ ನನಗೂ ಇತ್ತು. ನಾನು ವಕೀಲನಾಗಿ ನಡೆಸಿದ ಹೊಲದ ಬಾಂದಿನ (ಗಡಿಯ) ದಾವೆಯೊಂದರಲ್ಲಿ ನನ್ನ ಪಕ್ಷಗಾರನಿಗೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಉತಾರ (ಪಹಣಿ) ಮತ್ತು ಅಫಿಡವಿಟ್‌ಗಳನ್ನಷ್ಟೇ ನೋಡಿ ಕೊಟ್ಟ ಆದೇಶವದು. ಎದುರಿನವನು ಆ ವರ್ಷ ಹಿಂಗಾರಿ ಜೋಳ ಬಿತ್ತಲಿಲ್ಲ. ಕೊನೆಗೆ ಅಳತೆಯಾದಾಗ ಹೊಲ ಅವನದೇ ಎಂದು ತೀರ್ಮಾನವಾಯಿತು. ಹೋದ ಬೆಳೆಯನ್ನು ಯಾರೂ ತಂದುಕೊಡಲಿಲ್ಲ. ಆ ಆದೇಶಕ್ಕೆ ಸಹಿ ಹಾಕಿದವನು ನಾನಾಗಿದ್ದರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಈಗಿನ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಆಗ ಇದ್ದ ಹೆಸರು ಮುನ್ಸೀಫ್; ಆ ಹುದ್ದೆಗೆ ತುಂಬಿಟ್ಟ ಅರ್ಜಿಯನ್ನು ಕಳಿಸಲಿಲ್ಲ, ವಯಸ್ಸು ಮೀರಿತು. ನಾನು ಹಿಂದೆ ಸರಿದದ್ದರಿಂದ ಯಾವ ರೈತನ ಬೆಳೆಯೂ ಉಳಿಯಲಿಲ್ಲ ಎಂಬುದು ಈಗಲೂ ನನ್ನನ್ನು ನೋಯಿಸುತ್ತದೆ.

ಆ ಕುರ್ಚಿಯಲ್ಲಿ ಕೂಡದವನ ಸಲಹೆ ಎಷ್ಟು ಉಪಯೋಗವೋ ತಿಳಿಯದು. ಆದರೂ, ತಡೆಯಾಜ್ಞೆಯ ಅರ್ಜಿ ಬಂದಾಗ ಬಿತ್ತನೆ ಯಾವಾಗ, ಈಗ ಹೊಲದಲ್ಲಿ ಏನಿದೆ ಎಂದು ಇಬ್ಬರನ್ನೂ ಕೇಳು. ಪಾಟಿಸವಾಲು ಮುಗಿದ ಮೇಲೂ ಗೊಂದಲ ಉಳಿದರೆ ಸಾಕ್ಷಿದಾರನನ್ನು ನೀನೇ ಪ್ರಶ್ನಿಸಬಹುದು; ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 165 ಕೊಟ್ಟಿದ್ದ ಆ ಅಧಿಕಾರ ಹೊಸ ಕಾಯ್ದೆಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 168ರಲ್ಲಿ ಹಾಗೆಯೇ ಇದೆ. ಸಂಕೋಚಪಟ್ಟು ಅದನ್ನು ಬಳಸದೆ ಬಿಡುವವರೇ ಹೆಚ್ಚೆಂದು ನನ್ನ ಅನುಭವ. ವಾದ ಮುಗಿದ ಮೇಲೆ ತೀರ್ಪಿಗೆ 30 ದಿನಗಳ ಅವಕಾಶವಿರುತ್ತದೆ, ಆದರೆ ಸಾಕ್ಷಿದಾರ ತಡವರಿಸಿದ್ದು ಎಲ್ಲಿ ಎಂಬುದು ನೆನಪಿರುವಾಗಲೇ ಬರೆಯಲು ಕುಳಿತುಕೊಂಡರೆ ಒಳ್ಳೆಯದೇನೋ.

ಸಣ್ಣ ತಾಲೂಕಿಗೆ ಹಾಕಿದರೆ ಬೆಳಿಗ್ಗೆ ವಾಟಣಿಯ (ಆಸ್ತಿ ಪಾಲಿನ) ದಾವೆ, ಮಧ್ಯಾಹ್ನ ಪೊಲೀಸರು ಕರೆತಂದ ಆರೋಪಿ, ಎರಡೂ ನಿನ್ನ ಮುಂದೆಯೇ ಬರುತ್ತವೆ. ಅವನನ್ನು ವಶದಲ್ಲಿಡಲು ಕೇಳುವ ರಿಮಾಂಡಿನ ಕಾಗದ ನೋಡುವ ಮೊದಲು ಆ ಮನುಷ್ಯನನ್ನು ನೋಡು, ಯಾವಾಗ ಹಿಡಿದರು, ಹೊಡೆದರೇ ಎಂದು ಅವನ ಬಾಯಿಂದಲೇ ಕೇಳು.

ಇಷ್ಟೆಲ್ಲ ಮಾಡಿದರೂ ಕೆಲವು ತೀರ್ಪು ತಪ್ಪಾಗಬಹುದು, ಅವುಗಳಲ್ಲಿ ಕೆಲವು ನಿನಗೆ ತಿಳಿಯದೆಯೂ ಹೋಗಬಹುದು. ಇದನ್ನು ಮುಚ್ಚಿಟ್ಟು ನಿನಗೆ ಧೈರ್ಯ ಹೇಳಲಾರೆ. ಆದರೆ ಬರೆಯುವ ಮೊದಲೇ ಹೀಗೆ ಅಂಜುವವರು ಅಲ್ಲಿ ಕೂಡಬೇಕೆಂದೇ ನನ್ನ ಆಸೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿದ ಮೂರು ವರ್ಷಗಳ ವಕೀಲಿ ನಿನ್ನದು ಮುಗಿದಿದೆ. ಅರ್ಜಿಯನ್ನು ಕಳಿಸು, ಇಟ್ಟುಕೊಳ್ಳಬೇಡ. ಭಾಷಾಂತರದ ಪತ್ರಿಕೆಗೆ ಓದಲು ಭಾನುವಾರ ಇಲ್ಲಿಗೆ ಬಂದರೆ ಇಬ್ಬರೂ ಕುಳಿತು ಮಾಡೋಣ.

ಇಂತಿ,
ನಿನ್ನ ಕಾಕಾ