ಬಫೆ ಬಿಡಿ, ಆರು ಜನ ಕೂತು ಉಣ್ಣಿ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ವರ್ತಕರು, ಲೆಕ್ಕಪರಿಶೋಧಕರು, ಎಂಜಿನಿಯರುಗಳು, ಹೊಸದಾಗಿ ಕಚೇರಿ ತೆರೆದ ವಕೀಲರು ಪರಿಚಯ ಬೆಳೆಸಿಕೊಳ್ಳಲೆಂದು ಸೇರುವ ಕೂಟಗಳು ಹೆಚ್ಚುತ್ತಿವೆ. ಸಂತೋಷ. ಆದರೆ ಅವು ನಡೆಯುವ ರೀತಿ ಸರಿಯಿಲ್ಲ. ಹೋಟೆಲಿನ ಹಾಲ್ ಹಿಡಿದು, ನೂರೈವತ್ತು ಜನರನ್ನು ಕರೆದು, ಎರಡು ತಾಸು ಭಾಷಣ ಕೇಳಿಸಿ, ಕೊನೆಗೆ ಬಫೆ ಸಾಲಿಗೆ ಬಿಡುತ್ತಾರೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚ, ಕಂಕುಳಲ್ಲಿ ಬ್ಯಾಗು. ಯಾರು ಯಾರೊಂದಿಗೆ ಏನು ಮಾತಾಡಿಯಾರು? ಮನೆಗೆ ಹೋಗುವಾಗ ಜೇಬಿನ ತುಂಬ ವಿಸಿಟಿಂಗ್ ಕಾರ್ಡು, ನೆನಪಿನಲ್ಲಿ ಒಂದು ಮುಖವೂ ಇರುವುದಿಲ್ಲ. ಇದರ ಬದಲು ಆರಾರು ಜನ ಒಂದೇ ಮೇಜಿಗೆ ಕೂತು, ತಿಂಗಳಿಗೊಮ್ಮೆ, ಒಂದು ತಾಸು ಉಣ್ಣುವ ಪದ್ಧತಿ ಬರಲಿ ಎಂಬುದು ನಮ್ಮ ಸಲಹೆ. ಅದನ್ನು ಹೇಗೆ ನಡೆಸಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಆರೇ ಏಕೆಂದರೆ, ನಾಲ್ವರನ್ನು ಕರೆದು ಇಬ್ಬರು ಕೈಕೊಟ್ಟರೆ ಕೂಟವೇ ಇಲ್ಲ. ಎಂಟಾದರೆ ಮೇಜಿನ ಆ ತುದಿಯದು ಒಂದು ಮಾತು, ಈ ತುದಿಯದು ಇನ್ನೊಂದು. ಆರರಲ್ಲಿ ಒಂದೇ ಕಸುಬಿನವರು ಇಬ್ಬರಿಗಿಂತ ಹೆಚ್ಚು ಬೇಡ. ಮೆಕ್ಕೆಜೋಳದ ವರ್ತಕರು, ಲಾರಿ ಟ್ರಾನ್ಸ್‌ಪೋರ್ಟಿನವರು, ಗೋದಾಮು ಇರುವವರು, ತೆರಿಗೆ ಸಲಹೆಗಾರರು, ಬ್ಯಾಂಕಿನವರು, ಕಾಳು ಒಣಗಿಸುವ ಯಂತ್ರ ಮಾಡುವ ಯುವಕರು ಒಂದೆಡೆ ಕೂತರೆ ಒಬ್ಬರ ತೊಡಕಿಗೆ ಇನ್ನೊಬ್ಬರ ಬಳಿ ದಾರಿ ಇರುತ್ತದೆ. ಆರೂ ಜನ ಒಂದೇ ಓಣಿಯವರು, ಒಂದೇ ಮಠದ ಭಕ್ತರು ಆಗಿಬಿಟ್ಟರೆ ಬೀಗತನದ ಮಾತಾದೀತೇ ಹೊರತು ಹೊಸ ವ್ಯವಹಾರ ಹುಟ್ಟುವುದಿಲ್ಲ. ನಮ್ಮೂರಿನಲ್ಲಿ ಈ ದೋಷ ಬಹಳ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡಿ. ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಖಿನ ಆಸುಪಾಸು ತೆರಿಗೆಯವರು ಬರಲಾರರು. ಮಾರ್ಚ್ ಕೊನೆಯ ವಾರ ಯಾರೂ ಬರಲಾರರು. ಮೆಕ್ಕೆಜೋಳದ ಆವಕ ಜೋರಿರುವಾಗ ಎಪಿಎಂಸಿಯವರನ್ನು ಬೆಳಿಗ್ಗೆ ಕರೆಯುವುದೇ ತಪ್ಪು. ರಂಜಾನ್ ತಿಂಗಳಲ್ಲಿ ಮಧ್ಯಾಹ್ನದ ಕೂಟ ಇಟ್ಟರೆ ಉಪವಾಸ ಇರುವವರನ್ನು ಬೇಡವೆಂದಂತೆ. ಆ ತಿಂಗಳು ಸೂರ್ಯಾಸ್ತದ ನಂತರ ಸೇರಬಹುದು. ಜೈನರಲ್ಲಿ ಹಲವರು ಕತ್ತಲಾದ ಮೇಲೆ ಉಣ್ಣುವುದಿಲ್ಲ, ಈರುಳ್ಳಿ, ಆಲೂಗಡ್ಡೆ ಮುಟ್ಟುವುದಿಲ್ಲ. ಕರೆಯುವಾಗಲೇ ‘ಊಟದಲ್ಲಿ ಏನಾದರೂ ವರ್ಜ್ಯ ಇದೆಯೇ ಸರ್’ ಎಂದು ಕೇಳಿದರೆ ಮುಗಿಯಿತು. ಹೆದ್ದಾರಿ ಬದಿಯ ಬಾರ್ ರೆಸ್ಟೋರೆಂಟಿನಲ್ಲಿ ರಾತ್ರಿ ಸೇರುವ ಅಭ್ಯಾಸವನ್ನಂತೂ ಬಿಡಬೇಕು. ಹಾಗೆ ಸೇರಿದರೆ ಮಹಿಳಾ ಉದ್ಯಮಿಗಳೂ ಸಸ್ಯಾಹಾರಿಗಳೂ ತಾವಾಗಿಯೇ ಹೊರಗುಳಿಯುತ್ತಾರೆ, ನಾವು ಮಾತ್ರ ‘ಕರೆದರೂ ಬರುವುದಿಲ್ಲ’ ಎನ್ನುತ್ತೇವೆ.

ಕರೆಯುವ ಸಂದೇಶ ಇಷ್ಟಿದ್ದರೆ ಸಾಕು: ‘ನಮಸ್ಕಾರ ಮೇಡಂ, ಗುರುವಾರ ಮಧ್ಯಾಹ್ನ 12.45ಕ್ಕೆ ರೊಟ್ಟಿ ಊಟಕ್ಕೆ ಸೇರೋಣ. ಆರು ಜನ ಇರ್ತೀವಿ. 1.45ಕ್ಕೆ ಏಳೋದು. ಖರ್ಚು ಎಲ್ಲರ ಪಾಲು.’ ಏಳುವ ವೇಳೆ ಬರೆಯದಿದ್ದರೆ ಕೆಲಸದವರು ಬರಲು ಹಿಂಜರಿಯುತ್ತಾರೆ. ಅದಕ್ಕಿಂತ ತಡವಾದರೆ ಖಾನಾವಳಿಯಲ್ಲಿ ಜಾಗಕ್ಕೆ ಕಾಯುವವರು ಬೆನ್ನ ಹಿಂದೆಯೇ ನಿಂತಿರುತ್ತಾರೆ.

ರೊಟ್ಟಿ ಊಟ ಎಂದು ಸುಮ್ಮನೆ ಹೇಳಿದ್ದಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಎಲ್ಲರಿಗೂ ಒಂದೇ. ಮೆನು ತಿರುವುತ್ತ ಹತ್ತು ನಿಮಿಷ ಹಾಳಾಗುವುದಿಲ್ಲ, ದುಬಾರಿಯದು ಯಾರು ತರಿಸಿದರು ಎಂಬ ಲೆಕ್ಕವೂ ಇಲ್ಲ. ಇನ್ನೊಂದು ಲಾಭ ದೊಡ್ಡದು: ಕೈ ಎಂಜಲಾಗಿರುವಾಗ ಮೊಬೈಲ್ ಮುಟ್ಟಲಾಗುವುದಿಲ್ಲ, ಕಾರ್ಡು ಹಂಚಲಾಗುವುದಿಲ್ಲ. ಮುಕ್ಕಾಲು ತಾಸು ಮುಖ ನೋಡಿ ಮಾತಾಡಲೇಬೇಕು. ಕಾರ್ಡು, ನಂಬರು ಏನಿದ್ದರೂ ಕೈ ತೊಳೆದ ಮೇಲೆ. ಹೊಸಬರನ್ನು ಮೂಲೆಗೆ ಹಾಕದೆ ನಡುವೆ ಕೂರಿಸಿ. ಕರೆದವರು ಬಡಿಸುವವರಿಗೆ ಕಾಣುವ ತುದಿಯಲ್ಲಿ ಕೂರಲಿ.

ಬೆಣ್ಣೆದೋಸೆ ಹೋಟೆಲು ಇದಕ್ಕೆ ಹೊಂದುವುದಿಲ್ಲ. ದೋಸೆ ಬಿಸಿಯಲ್ಲೇ ತಿನ್ನಬೇಕು, ಆರು ಜನರದು ಒಟ್ಟಿಗೆ ಬರುವುದಿಲ್ಲ, ಒಬ್ಬರದು ಮುಗಿಯುವ ಹೊತ್ತಿಗೆ ಇನ್ನೊಬ್ಬರದು ಕಾವಲಿಯ ಮೇಲಿರುತ್ತದೆ. ಈಗಾಗಲೇ ಪರಿಚಯ ಆಗಿರುವ ಇಬ್ಬರ ಎರಡನೇ ಭೇಟಿಗೆ ಅದು ಸರಿ. ಸಂಜೆ ಐದರ ಮಿರ್ಚಿ ಮಂಡಕ್ಕಿ ಇದಕ್ಕಿಂತ ಮೇಲು, ಏಕೆಂದರೆ ಒಂದೇ ರಾಶಿಗೆ ಎಲ್ಲರೂ ಕೈಹಾಕುತ್ತಾರೆ. ಕೇಟ್ಲಿನ್ ವೂಲಿ ಮತ್ತು ಆಯ್ಲೆಟ್ ಫಿಶ್‌ಬಾಕ್ ಎಂಬ ಅಮೆರಿಕದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಜೋಡಿಗಳಿಗೆ ಕುರುಕಲು ಕೊಟ್ಟು, ಆಡಳಿತ ಮತ್ತು ಕಾರ್ಮಿಕರ ನಡುವಿನ ಮುಷ್ಕರದ ಸಂಧಾನವನ್ನು ಅಭಿನಯಿಸಲು ಹೇಳಲಾಗಿತ್ತು. ಒಂದೇ ಬಟ್ಟಲಿನಿಂದ ತಿಂದ ಜೋಡಿಗಳು ಸರಾಸರಿ 9 ‘ಮುಷ್ಕರದ ದಿನ’ಗಳಲ್ಲಿ ರಾಜಿಗೆ ಬಂದರೆ, ಬೇರೆ ಬೇರೆ ಬಟ್ಟಲಿನವರಿಗೆ 13 ಬೇಕಾದವು. ಮಂಡಕ್ಕಿಯನ್ನು ಪತ್ರಿಕೆಯ ಹಾಳೆಯ ಬದಲು ತಟ್ಟೆಗೋ ಬಾಳೆಲೆಗೋ ಹಾಕಿಸಿಕೊಳ್ಳಿ. ಅಚ್ಚಿನ ಶಾಯಿ ಆಹಾರಕ್ಕೆ ಸೇರುವುದು ಅಪಾಯವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲೂ ಎಚ್ಚರಿಸಿದೆ. ತಮ್ಮ ಪತ್ರಿಕೆ ಓದುವುದಕ್ಕೇ ಇರಲಿ.

ಹೆಚ್ಚು ಕೂಟಗಳು ಮುರಿಯುವುದು ಬಿಲ್ಲಿನ ಮೇಲೆ. ‘ನಾ ಕೊಡ್ತೀನಿ ಬಿಡ್ರೀ’ ಎಂಬ ಗಲ್ಲಾಪೆಟ್ಟಿಗೆ ಮುಂದಿನ ಜಗ್ಗಾಟ ನೋಡಲು ಚೆಂದ, ಪರಿಣಾಮ ಚೆಂದವಲ್ಲ. ಪ್ರತಿಸಲ ದೊಡ್ಡವರೊಬ್ಬರೇ ಕೊಟ್ಟರೆ ಉಳಿದವರು ಹಂಗಿನಲ್ಲಿ ಬೀಳುತ್ತಾರೆ, ಮೂರನೇ ಸಲಕ್ಕೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಸರದಿ ಹಾಕಿದರೆ ಒಬ್ಬರು ಸಾದಾ ಊಟ ಹಾಕಿಸಿ ಇನ್ನೊಬ್ಬರು ಹೋಳಿಗೆ ಹಾಕಿಸಿ ಪೈಪೋಟಿ ಶುರುವಾಗುತ್ತದೆ. ಕಾಂಟ್ರಿ, ಅಂದರೆ ಎಲ್ಲರೂ ಪಾಲು ಹಾಕುವುದೇ ಒಳ್ಳೆಯದು: ತಲೆಗೆ 200 ರೂಪಾಯಿ ದಾಟಬಾರದೆಂದು ಮೊದಲೇ ಮಾತಾಗಿರಲಿ, ಕರೆದವರು ಬಿಲ್ ಕೊಡಲಿ, ಏಳುವ ಮೊದಲೇ ಉಳಿದವರು ತಮ್ಮ ಪಾಲನ್ನು ಫೋನಿನಲ್ಲಿ ಕಳಿಸಿಬಿಡಲಿ. ಜಿಎಸ್‌ಟಿ ಬಿಲ್ ಪಡೆದು ತೆರಿಗೆ ಹಿಂಪಡೆಯಬಹುದೆಂದು ಕೆಲವರು ಲೆಕ್ಕ ಹಾಕುತ್ತಾರೆ. ಇಂಥ ಊಟದ ಮೇಲಿನ ತೆರಿಗೆಗೆ ಹೂಡುವಳಿ ಜಮೆ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ಸಿಗದು, ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಅದನ್ನು ತಡೆದಿದೆ.

ಅಧಿಕಾರಿಗಳನ್ನು ಮೇಜಿಗೆ ಕರೆಯುವ ಆಸೆ ಎಲ್ಲರಿಗೂ ಇರುತ್ತದೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳು ಅಪರೂಪದ ಸಾಧಾರಣ ಊಟವನ್ನು ಉಡುಗೊರೆ ಎಂದು ಎಣಿಸುವುದಿಲ್ಲ. ಆದರೆ ತಮ್ಮಲ್ಲಿ ಕಚೇರಿ ಕೆಲಸ ಇರುವವರಿಂದ ಪದೇಪದೇ ಇಲ್ಲವೇ ಅದ್ದೂರಿ ಆತಿಥ್ಯ ಪಡೆಯಬಾರದು ಎನ್ನುತ್ತವೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರವಾಗಿಯೇ ಅಪರಾಧ. ಕಡತ ಬಾಕಿ ಇರುವವರು ಆ ಕಡತದ ಅಧಿಕಾರಿಯ ಜತೆ ಉಣ್ಣದಿರುವುದೇ ಕ್ಷೇಮ. ಆಸ್ಪತ್ರೆಗಳ ಊರಾದ ನಮ್ಮಲ್ಲಿ ಔಷಧ ಕಂಪನಿಯವರಿಗೂ ಇದೇ ಮಾತು. ವೈದ್ಯರ ವೃತ್ತಿ ನಡತೆಯ ನಿಯಮಗಳಿಗೆ 2009ರಲ್ಲಿ ಆದ ತಿದ್ದುಪಡಿ ಕಂಪನಿಗಳ ಆತಿಥ್ಯವನ್ನು ನಿಷೇಧಿಸಿದೆ.

ಮಾತು ಹೇಗೆ ಸಾಗಬೇಕು? ಮೊದಲ ಅರ್ಧ ತಾಸು ವ್ಯಾಪಾರ ಬೇಡ. ಮಜ್ಜಿಗೆಯ ಹೊತ್ತಿಗೆ ಪ್ರತಿಯೊಬ್ಬರೂ ಎರಡು ನಿಮಿಷದಲ್ಲಿ ಎರಡೇ ಮಾತು ಹೇಳಲಿ: ನನಗೆ ಸದ್ಯ ಏನು ಬೇಕಾಗಿದೆ, ನಾನು ಯಾರಿಗೆ ಏನು ಮಾಡಿಕೊಡಬಲ್ಲೆ. ‘ಏನಾದರೂ ಕೆಲಸ ಇದ್ದರೆ ಹೇಳಿ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಹರಿಹರದ ಕಡೆ ಲೇತ್ ಕೆಲಸ ಬಲ್ಲ ಒಬ್ಬರು ಬೇಕು’ ಎಂದರೆ ಮೇಜಿನಲ್ಲಿ ಯಾರಿಗಾದರೂ ಒಂದು ಹೆಸರು ನೆನಪಾಗುತ್ತದೆ. ವಿಮಾ ಪಾಲಿಸಿಯ ಫಾರಂ ತೆಗೆದವರನ್ನು ಮುಂದಿನ ಸಲ ಕರೆಯಬೇಡಿ, ಇದರಲ್ಲಿ ದಾಕ್ಷಿಣ್ಯ ಬೇಡ. ಒಪ್ಪಿಕೊಂಡ ಪರಿಚಯವನ್ನು ವಾರದೊಳಗೆ ಮಾಡಿಸಿಕೊಡಿ. ವಾರ ಕಳೆದರೆ ಅದು ಆಗುವುದಿಲ್ಲ, ಮುಂದಿನ ಊಟಕ್ಕೆ ಬರಲು ನಿಮಗೇ ಮುಜುಗರವಾಗುತ್ತದೆ.

ಜತೆಗೆ ಉಂಡವರೆಂದು ಉದ್ರಿ ಕೊಡುವುದು ಈ ಊರಿನ ಹಳೆಯ ರೋಗ. ಪರಿಚಯ ಎಷ್ಟೇ ಗಾಢವಾಗಲಿ, ಮಾಲು ಕೊಡುವ ಮುನ್ನ ಜಿಎಸ್‌ಟಿ ಪೋರ್ಟಲಿನಲ್ಲಿ ಅವರ ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನ್ ಸಲ್ಲಿಸಿದ್ದಾರೆಯೇ ನೋಡಿ. ಅವರಿಗೆ ಈಗಾಗಲೇ ಮಾಲು ಕೊಡುತ್ತಿರುವ ಇಬ್ಬರನ್ನು ವಿಚಾರಿಸಿ. ಬಾಕಿ ವಸೂಲಿಯ ಮಾತನ್ನು ಊಟದ ಮೇಜಿಗೆ ತರಬೇಡಿ, ಉಳಿದ ನಾಲ್ವರ ಅನ್ನ ಕೆಡುತ್ತದೆ.

ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ಉದ್ಯೋಗ ವಿಭಾಗದವರೂ ವರ್ತಕರ ಸಂಘಗಳವರೂ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು, ನಾಲ್ವರು ಉದ್ಯಮಿಗಳು, ತಿಂಗಳಿಗೆ ಒಂದು ಮೇಜು. ವಿದ್ಯಾರ್ಥಿಗಳ ಪಾಲನ್ನು ಮಾತ್ರ ಸಂಘವೇ ಕೊಡಲಿ. ವೇದಿಕೆ, ಹಾರ, ಸ್ಮರಣಿಕೆ ಯಾವುದೂ ಬೇಕಿಲ್ಲ.

– ಕೆಲವು ತೆರಿಗೆ ಸಲಹೆಗಾರರು ಮತ್ತು ಸಣ್ಣ ಉದ್ಯಮಿಗಳು, ದಾವಣಗೆರೆ