ದೋಸ್ತ, ‘ಏನೂ ಆಗಿಲ್ಲ’ ಅಂದುಬಿಟ್ಟೆಯಾ?

ಬಳ್ಳಾರಿ
ಭಾನುವಾರ ರಾತ್ರಿ

ದೋಸ್ತ,

ಬುಧವಾರ ಲಾರಿ ನಿನ್ನ ಕಾರಿಗೆ ಹಿಂದಿನಿಂದ ಗುದ್ದಿತು, ನೀನು ಇವತ್ತು ಸಂಜೆ ಫೋನಿನಲ್ಲಿ ಹತ್ತು ನಿಮಿಷ ಬರೀ ಕಾರಿನ ಬಗ್ಗೆ ಮಾತಾಡಿದೆ. ಹಿಂದಿನ ಬಾಗಿಲು ಎಷ್ಟು ಒಳಗೆ ಹೋಗಿದೆ, ಯಾವ ಲೈಟು ಒಡೆದಿದೆ, ಗ್ಯಾರೇಜಿನವನು ಎಷ್ಟು ಹೇಳಿದ, ಎಲ್ಲ. ಕಡೆಗೆ ಫೋನ್ ಇಡುವಾಗ ಸುಮ್ನೆ ಒಂದು ಮಾತು ಅಂದೆ: ‘ಕುತ್ತಿಗೆ ಹಿಡ್ಕೊಂಡಿದೆ, ನಾಳೆ ಕಟಿಂಗ್ ಅಂಗಡಿಗೆ ಹೋಗಿ ಲಟಿಕೆ ತೆಗೆಸ್ತೀನಿ.’ ಆಮೇಲೆ ನನಗೆ ಊಟ ಸೇರಲಿಲ್ಲ. ಫೋನಿನಲ್ಲಿ ನೀನು ಯಾರಿಗೂ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದು: ಆ ಲಟಿಕೆ ಬೇಡ. ಉಳುಕು ತೆಗೆಯುವವರ ಹತ್ತಿರವೂ ಬೇಡ. ಗಾಡಿ ಗುದ್ದಿದ ಮೇಲೆ ಬಂದ ಕುತ್ತಿಗೆ ನೋವು, ದಿಂಬು ಸರಿಯಿಲ್ಲದೆ ಬಂದ ನೋವಲ್ಲ. ಒಳಗೆ ಮೂಳೆಗೆ ಏನಾದರೂ ಆಗಿದೆಯೋ ಇಲ್ಲವೋ ಗೊತ್ತಿಲ್ಲದೆ ಯಾರೋ ತಲೆ ಹಿಡಿದು ತಿರುವಿದರೆ, ಲಾರಿ ಬಿಟ್ಟಿದ್ದನ್ನು ಅವರು ಮುಗಿಸುತ್ತಾರೆ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಎರಡು ವರ್ಷದ ಹಿಂದೆ ತೋರಣಗಲ್ಲಿನಿಂದ ಬಳ್ಳಾರಿಗೆ ಕಾರಿನಲ್ಲಿ ಬರುತ್ತಿದ್ದೆ. ಕುಡಿತಿನಿ ಹತ್ತಿರ ಟ್ರ್ಯಾಕ್ಟರ್ ಒಂದು ಅಡ್ಡ ಬಂತು, ಬ್ರೇಕ್ ಹಾಕಿ ನಿಂತೆ. ಹಿಂದಿದ್ದ ಪಿಕಪ್ ನಿಲ್ಲಲಿಲ್ಲ. ದಡ್ ಅಂತ ಒಂದು ಸದ್ದು, ಅಷ್ಟೆ. ರಕ್ತ ಇಲ್ಲ, ಗಾಯ ಇಲ್ಲ. ಇಳಿದು ಮೊದಲು ನೋಡಿದ್ದು ಬಂಪರ್. ಡ್ರೈವರ್ ಸಣ್ಣ ಹುಡುಗ. ‘ಅಣ್ಣಾ, ಮಾಲೀಕರಿಗೆ ಗೊತ್ತಾದರೆ ಕೆಲಸದಿಂದ ತೆಗೀತಾರೆ’ ಅಂತ ಕೈ ಮುಗಿದ. ಸುತ್ತ ಸೇರಿದವರು ‘ಏನೂ ಆಗಿಲ್ಲಲ್ಲ, ಹೋಗ್ಲಿ ಬಿಡ್ರೀ’ ಅಂದರು. ನಾನೂ ‘ಹೌದು, ಏನೂ ಆಗಿಲ್ಲ’ ಅಂದೆ. ಮೂರು ಸಾವಿರ ಇಸಕೊಂಡು ಮನೆಗೆ ಬಂದೆ. ಬಂಪರಿನ ಒಂದು ಫೋಟೊ ತೆಗೆದಿದ್ದೆ. ಅದರ ಮೂಲೆಯಲ್ಲಿ ಅವನ ನಂಬರ್ ಪ್ಲೇಟ್ ಬಿದ್ದಿತ್ತು. ಆಮೇಲೆ ಕೈಹಿಡಿದದ್ದು ಅದೊಂದೇ.

ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ತಲೆ ಬರಲಿಲ್ಲ ಮಾರಾಯ. ಎರಡೂ ಕೈಯಲ್ಲಿ ಕುಂಬಳಕಾಯಿ ಎತ್ತಿದ ಹಾಗೆ ನನ್ನ ತಲೆಯನ್ನು ನಾನೇ ಎತ್ತಿಕೊಂಡೆ. ಮೂರನೇ ದಿನ ಬುರುಡೆಯ ಬುಡದಿಂದ ನೋವು ಶುರುವಾಗಿ ಹಣೆಗೆ ಬಂತು. ಭುಜ ಕಲ್ಲಾಯಿತು. ಸ್ಕೂಟರ್ ಹಿಂದಕ್ಕೆ ತೆಗೆಯುವಾಗ ಕುತ್ತಿಗೆಯ ಬದಲು ಇಡೀ ಮೈ ತಿರುಗಿಸುತ್ತಿದ್ದೆ. ನನ್ನದು ಜೀನ್ಸ್ ಕಟಿಂಗ್ ಕೆಲಸ ಅಂತ ನಿನಗೆ ಗೊತ್ತಲ್ಲ. ದಿನವಿಡೀ ಟೇಬಲ್ ಮೇಲೆ ಬಗ್ಗಬೇಕು. ಒಂದೂವರೆ ತಿಂಗಳು ಅರ್ಧ ದಿನ ಮಾತ್ರ ಕೆಲಸ, ಅರ್ಧ ಕೂಲಿ.

ಇದಕ್ಕೆ ಡಾಕ್ಟರು ವಿಪ್‌ಲ್ಯಾಶ್ ಅನ್ನುತ್ತಾರೆ. ವಿಪ್ ಅಂದರೆ ಚಾವಟಿ. ಬಾರಕೋಲು ಬೀಸಿ ಎಳೆದಾಗ ಹಿಡಿ ಮೊದಲು ಹೋಗಿ, ತುದಿ ಒಂದು ಗಳಿಗೆ ತಡವಾಗಿ ಬಂದು ಚಟ್ ಅನ್ನುತ್ತದೆ ಅಲ್ವಾ? ಹಾಗೆ. ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಇದ್ದಲ್ಲೇ ಇರುತ್ತದೆ. ಕುತ್ತಿಗೆ ಹಿಂದಕ್ಕೆ ಬಾಗಿ, ತಕ್ಷಣ ಮುಂದಕ್ಕೆ ಜಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸ್ನಾಯುಗಳು, ಮೂಳೆಗಳನ್ನು ಕಟ್ಟಿ ಹಿಡಿದಿರುವ ನಾರಿನಂಥ ಪಟ್ಟಿಗಳು ಮಿತಿ ಮೀರಿ ಎಳೆದುಕೊಳ್ಳುತ್ತವೆ. ಇದಕ್ಕೆ ಭಾರೀ ವೇಗ ಬೇಕಿಲ್ಲ. ಸೀಟಿನ ತಲೆದಿಂಬು ತೀರಾ ಕೆಳಗಿದ್ದರೆ ಇನ್ನೂ ಜಾಸ್ತಿ. ನನ್ನದು ಕಾರು ತಂದ ದಿನದಿಂದ ಕೆಳಗೇ ಇತ್ತು. ಅದರ ಮೇಲಂಚು ತಲೆಯ ಮಟ್ಟಕ್ಕೆ ಬರಬೇಕಂತೆ. ನಾನು ಅದನ್ನು ಸುಮ್ನೆ ಒರಗಿ ಕೂರಲು ಕೊಟ್ಟದ್ದು ಅಂದುಕೊಂಡಿದ್ದೆ.

ನೋವು ಬಹಳ ಸಲ ಆ ಹೊತ್ತಿಗೇ ಬರುವುದಿಲ್ಲ, ಕೆಲವು ಗಂಟೆ ಬಿಟ್ಟು, ಒಮ್ಮೊಮ್ಮೆ ಒಂದೆರಡು ದಿನ ಬಿಟ್ಟು ಬರುತ್ತದೆ. ನಮ್ಮ ‘ಏನೂ ಆಗಿಲ್ಲ’ ಹುಟ್ಟುವುದು ಆ ಸಂದಿಯಲ್ಲೇ. ತಲೆ ಸುತ್ತು, ನಿದ್ದೆ ಬಾರದಿರುವುದು, ಲೆಕ್ಕ ಕೂಡುವಾಗ ಮನಸ್ಸು ನಿಲ್ಲದಿರುವುದು, ಇವೂ ಅದರ ಬಳಗವೇ. ನೀನು ಮಿಲ್ಲಿನ ಲೆಕ್ಕ ಬರೆಯುವವನು, ಮೊನ್ನೆಯಿಂದ ಹಾಳೆ ಎರಡೆರಡು ಸಲ ಕೂಡುತ್ತಿದ್ದೀಯಾ ಅಂತ ನೋಡಿಕೋ. ಆದರೆ ಕೈ ಜೋಮು ಹಿಡಿದರೆ, ಕೈಕಾಲಲ್ಲಿ ಶಕ್ತಿ ಕಡಿಮೆ ಅನಿಸಿದರೆ, ವಾಂತಿಯೊಂದಿಗೆ ತಲೆನೋವು ಏರಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗುವವರೆಗೂ ಕಾಯಬೇಡ. ಈ ಪತ್ರ ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಹೋಗು.

ಅಂಥದ್ದೇನೂ ಇಲ್ಲದಿದ್ದರೂ ನಾಳೆ ಹೋಗಲೇಬೇಕು. ಹೋಗಿ ನಾನು ಮಾಡಿದ ತಪ್ಪು ಮಾಡಬೇಡ. ನಾನು ಓಣಿಯ ಕ್ಲಿನಿಕ್ಕಿನಲ್ಲಿ ‘ಸಾರ್, ಕುತ್ತಿಗೆ ನೋವು’ ಅಂದೆ. ಅವರು ಚೀಟಿಯಲ್ಲಿ ಅಷ್ಟೇ ಬರೆದರು. ಅಪಘಾತದ ಮಾತೇ ಇಲ್ಲ. ಗುಳಿಗೆಯನ್ನು ಬಿಲ್ ಇಲ್ಲದೆ ತಂದೆ. ಆಮೇಲೆ ಪರಿಹಾರ ಕೇಳೋಣ ಅಂತ ವಕೀಲರ ಹತ್ತಿರ ಹೋದರೆ ಅವರು ಚೀಟಿ ತಿರುಗಿಸಿ ಮುರುಗಿಸಿ ನೋಡಿ, ‘ನಿಮ್ಮ ಕುತ್ತಿಗೆಗೂ ಆ ಪಿಕಪ್ಪಿಗೂ ಏನು ಸಂಬಂಧ?’ ಅಂದರು. ವ್ಯಂಗ್ಯವಲ್ಲ, ಎದುರು ಪಕ್ಷದ ವಕೀಲ ಇದನ್ನೇ ಕೇಳುತ್ತಾನೆ ಅಂತ ತೋರಿಸಿದರು. ಅವನು ಕೇಳಿದ್ದೂ ಅದನ್ನೇ. ಹದಿನೆಂಟು ವರ್ಷ ಬಗ್ಗಿ ಕೆಲಸ ಮಾಡಿದವನ ಕುತ್ತಿಗೆ ಸವೆದಿರುವುದಿಲ್ಲವೇ ಅಂತ. ನಲವತ್ತು ದಾಟಿದ ಯಾರ ಎಂಆರ್‌ಐ ತೆಗೆದರೂ ಒಂದಿಷ್ಟು ಸವೆತ ಸಿಗಬಹುದು. ಹಾಗಾಗಿ ಅಪಘಾತವಾದ ದಿನಕ್ಕೂ ನೋವು ಶುರುವಾದ ದಿನಕ್ಕೂ ನಡುವಿನ ದಾರಿ ಕಾಗದದಲ್ಲಿ ಕಾಣಬೇಕು.

ನೀನು ಡಾಕ್ಟರಿಗೆ ಹೀಗೆ ಹೇಳು: ಬುಧವಾರ ಸಂಜೆ ಶ್ರೀರಾಮನಗರದ ಹತ್ತಿರ ಭತ್ತದ ಲಾರಿ ಹಿಂದಿನಿಂದ ಗುದ್ದಿತು, ನೋವು ಗುರುವಾರ ಶುರುವಾಯಿತು. ಅದನ್ನೇ ಬರೆಯಲು ಕೇಳು. ಸರ್ಕಾರಿ ಆಸ್ಪತ್ರೆಯಾದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ದಾಖಲೆ ಮಾಡುತ್ತಾರೆ, ಗಾಯದ ವಿವರ ಇರುವ ವೂಂಡ್ ಸರ್ಟಿಫಿಕೇಟ್ ಅದರಿಂದಲೇ ಬರುವುದು. ಎಕ್ಸ್‌ರೇ ನಾರ್ಮಲ್ ಅಂದರೆ ಎದೆಗುಂದಬೇಡ. ಮೂಳೆ ಮುರಿದಿಲ್ಲ ಅಂತ ಮಾತ್ರ ಅದರ ಅರ್ಥ, ನಾರು ಎಳೆದದ್ದು ಎಕ್ಸ್‌ರೇಗೆ ಕಾಣುವುದಿಲ್ಲ. 1995ರಲ್ಲಿ ಕೆನಡಾದ ಕ್ವಿಬೆಕ್‌ನ ತಜ್ಞರು ಈ ಪೆಟ್ಟಿಗೆ ದರ್ಜೆ ಮಾಡಿಟ್ಟಿದ್ದಾರೆ. ಬರೀ ನೋವು, ಬಿಗಿತ ಇದ್ದರೆ ಒಂದು. ಕುತ್ತಿಗೆ ತಿರುಗದಿರುವುದು, ಮುಟ್ಟಿದಲ್ಲಿ ನೋಯುವುದು ಡಾಕ್ಟರ ಕೈಗೇ ಸಿಕ್ಕರೆ ಎರಡು. ನರದ ತೊಂದರೆ ಕಂಡರೆ ಮೂರು, ಮೂಳೆ ಮುರಿದರೆ ನಾಲ್ಕು. ಹಾಗಾಗಿ ಕುತ್ತಿಗೆ ಎಷ್ಟು ತಿರುಗುತ್ತದೆ ಅಂತ ಪರೀಕ್ಷೆ ಮಾಡಿ ಬರೆದ ಒಂದು ಸಾಲು, ಬರೀ ‘ನೋವು’ ಅಂತ ಬರೆದ ಹತ್ತು ಚೀಟಿಗಿಂತ ತೂಕ. ಕಾಲರ್ ಪಟ್ಟಿಯನ್ನು ನೀನೇ ಅಂಗಡಿಯಿಂದ ತಂದು ಕಟ್ಟಿಕೊಂಡು ಕೂರಬೇಡ. ನಾನು ಇಪ್ಪತ್ತು ದಿನ ಕಟ್ಟಿಕೊಂಡೆ, ಕುತ್ತಿಗೆ ಇನ್ನೂ ಬಿಗಿಯಿತು. ಮೂಳೆ ಸರಿಯಿದ್ದರೆ ಡಾಕ್ಟರು ಹೇಳಿದಷ್ಟು ನಿಧಾನಕ್ಕೆ ಆಡಿಸುತ್ತಿರುವುದೇ ಒಳ್ಳೆಯದು. ಬಹಳ ಜನಕ್ಕೆ ಕೆಲವು ವಾರ, ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ.

ಇನ್ನು ಪೊಲೀಸ್. ಲಾರಿ ಮಾಲೀಕ ನಿನಗೆ ಪರಿಚಯ, ಮಿಲ್ಲಿಗೆ ಭತ್ತ ತರುವವನು, ದೂರು ಕೊಟ್ಟರೆ ಮುಖ ಮುರಿದಂತಾಗುತ್ತದೆ ಅಂದೆ. ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ದುಡ್ಡು ಅವನ ಜೇಬಿನಿಂದ ಹೋಗುವುದಿಲ್ಲವಲ್ಲ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದೇ ಇದಕ್ಕೆ. ಚಾಲ್ತಿಯಲ್ಲಿದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ಲಾರಿ ನಂಬರ್ ಹಾಕಿ ನೋಡು. ನಾನು ನಲವತ್ತು ದಿನ ಬಿಟ್ಟು ಠಾಣೆಗೆ ಹೋದೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅನ್ನುವುದಕ್ಕೆ ಉತ್ತರ ಹೇಳಿ ಹೇಳಿ ಸಾಕಾಯಿತು. ನಿನಗೆ ಇನ್ನೂ ನಾಲ್ಕೇ ದಿನ. ಎಫ್‌ಐಆರ್ ಆದರೆ ಪಂಚನಾಮೆ, ಗಾಡಿ ನೋಡಿ ಬರೆಯುವ ಮೋಟಾರ್ ಇನ್ಸ್‌ಪೆಕ್ಟರ ವರದಿ ಎಲ್ಲ ಅದರ ಹಿಂದೆ ಬರುತ್ತವೆ. ಅದಾಗುವವರೆಗೂ ಗ್ಯಾರೇಜಿನವನಿಗೆ ಕಾರು ಮುಟ್ಟಬೇಡ ಅನ್ನು.

ಕೇಸು ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ನಮ್ಮ ಕಡೆ ಎಂವಿಸಿ ಕೇಸು ಅನ್ನುತ್ತಾರಲ್ಲ, ಅದೇ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್. ಅಪಘಾತವಾದ ಜಾಗದಲ್ಲೂ ಹಾಕಬಹುದು, ನೀನು ವಾಸವಿರುವ ಕಡೆಯೂ ಹಾಕಬಹುದು. ಆದರೆ 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಬಂದಿದೆ. ಸುಗ್ಗಿ ಮುಗಿಯಲಿ, ಹಬ್ಬ ಮುಗಿಯಲಿ ಅಂತ ತಳ್ಳಬೇಡ.

ಯಾರೋ ಎರಡೂವರೆ ಲಕ್ಷ ಸಿಗುತ್ತೆ ಅಂದರಂತೆ. ಅದು 164ನೇ ಸೆಕ್ಷನ್ನಿನ ಮಾತು. ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಸಿಗುವಂಥದ್ದು ಹೌದು, ಆದರೆ ತೀವ್ರ ಗಾಯವಾಗಿದ್ದರೆ ಮಾತ್ರ. ಕುತ್ತಿಗೆ ನೋವನ್ನು ಸಾಮಾನ್ಯವಾಗಿ ಸಾದಾ ಗಾಯ ಅಂತಲೇ ಬರೆಯುತ್ತಾರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಹದಿನೈದು ದಿನ ತನ್ನ ದಿನದ ಕೆಲಸ ಮಾಡಲಾಗದಂತೆ ಮಾಡಿದ ಗಾಯವೂ ತೀವ್ರ ಗಾಯವೇ, ಹಳೆಯ ದಂಡ ಸಂಹಿತೆಯಲ್ಲಿ ಅದು ಇಪ್ಪತ್ತು ದಿನ ಇತ್ತು. ಅದಕ್ಕೇ ಮಿಲ್ಲಿಗೆ ರಜೆ ಹಾಕಿದ ದಿನಗಳನ್ನು, ಕಡಿತವಾದ ಸಂಬಳವನ್ನು ಬರಹದಲ್ಲಿ ತೆಗೆದುಕೋ. ಇಂಗ್ಲೆಂಡಿನಲ್ಲಿ 2021ರ ಮೇ 31ರಿಂದ ವಿಪ್‌ಲ್ಯಾಶ್‌ಗೆ ದರಪಟ್ಟಿಯೇ ಇದೆಯಂತೆ, ಇಷ್ಟು ತಿಂಗಳು ನೋವಿಗೆ ಇಷ್ಟು ಅಂತ. ನಮ್ಮಲ್ಲಿ ಹಾಗಿಲ್ಲ. ನೋವು, ಆಸ್ಪತ್ರೆ ಖರ್ಚು, ಹೋದ ದುಡಿಮೆ, ಓಡಾಟ ಅಂತ ಒಂದೊಂದನ್ನೂ ನೋಡುತ್ತಾರೆ. ಬಿಲ್ ಇದ್ದದ್ದು ಎಣಿಕೆಗೆ ಬರುತ್ತದೆ. ನನ್ನ ಕೇಸು ಲೋಕ ಅದಾಲತ್‌ನಲ್ಲಿ 35 ಸಾವಿರಕ್ಕೆ ರಾಜಿಯಾಯಿತು. ಹೋದ ಕೂಲಿಯೇ ಅದಕ್ಕಿಂತ ಜಾಸ್ತಿ ಇತ್ತು.

ಆಸ್ಪತ್ರೆ ಗೇಟಿನ ಹತ್ತಿರ ಒಬ್ಬ ಬಂದು ‘ಮೂವತ್ತು ಪರ್ಸೆಂಟ್ ಅಂಗವೈಕಲ್ಯ ಬರೆಸಿಕೊಡ್ತೀನಿ, ಬಂದದ್ದರಲ್ಲಿ ಪಾಲು ಕೊಡಿ’ ಅಂದರೆ ಮಾತಾಡಿಸಬೇಡ. ನನಗೂ ಬಂದಿದ್ದ. ಇಲ್ಲದ ಊನ ಬರೆಸಿದರೆ ಇರುವ ನೋವನ್ನೂ ಯಾರೂ ನಂಬುವುದಿಲ್ಲ. ಪರಿಹಾರದಲ್ಲಿ ಪಾಲು ಕೇಳುವುದಕ್ಕೆ ವಕೀಲರಿಗೂ ಅವಕಾಶ ಇಲ್ಲ.

ಒಂದು ಕೇಳುವುದನ್ನೇ ಮರೆತಿದ್ದೆ. ಸಿಂಧನೂರಿನಿಂದ ಬರುವಾಗ ಅವ್ವ ಹಿಂದಿನ ಸೀಟಿನಲ್ಲಿ ಇದ್ದರಲ್ವಾ? ಅವರ ಬಗ್ಗೆ ನೀನು ಒಂದು ಮಾತೂ ಹೇಳಲಿಲ್ಲ. ಅವರ ವಯಸ್ಸಿಗೆ ಮೂಳೆ ಮೊದಲೇ ಸವೆದಿರುತ್ತದೆ. ನೋವಿದ್ದರೂ ಹೇಳುವ ಜೀವ ಅಲ್ಲ ಅದು. ನಾಳೆ ಅವರನ್ನೂ ಕರೆದುಕೊಂಡು ಹೋಗು. ಅವರಿಗೂ ಪೆಟ್ಟಾಗಿದ್ದರೆ ಅವರ ಅರ್ಜಿ ಬೇರೆ, ನಿನ್ನದರ ಜೊತೆ ಸೇರಿಸುವುದಲ್ಲ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ, ಆದಾಯ ಎಷ್ಟಿದ್ದರೂ ಸರಿ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರ ಚೀಟಿಯ ಫೋಟೊ ನನಗೆ ಕಳಿಸು. ದಿನಾಂಕ ಕಾಣುವಂತೆ ತೆಗಿ. ಬರದಿದ್ದರೆ ಸಂಜೆ ಬಸ್ಸಿಗೆ ನಾನೇ ಗಂಗಾವತಿಗೆ ಬರುತ್ತೇನೆ. ಅವ್ವನಿಗೆ ಹೇಳಿರು, ನನಗೆ ರೊಟ್ಟಿ ಜಾಸ್ತಿ ಬೇಕು.

ನಿನ್ನ ದೋಸ್ತ