ಪಟ್ಟಿ ಬಿಚ್ಚಿದ ದಿನ

ಸೋಮವಾರ ಮಗಳ ಕಣ್ಣು ನೋಡಿದ ಡಾಕ್ಟರು, "ಇನ್ನು ಪಟ್ಟಿ ಹಾಕೋದು ಬೇಡಮ್ಮ" ಅಂದರು. ಏಳು ವರ್ಷದಿಂದ ಈ ಮಾತಿಗೆ ಕಾದಿದ್ದೆ. ಕೇಳಿದ ಗಳಿಗೆಯಲ್ಲಿ ಬಾಯಿಂದ ಮಾತೇ ಹೊರಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮೂರಿನ ಆಶಾ ಅಕ್ಕನಿಗೆ. ಬಾಣಂತನದ ಕೋಣೆಯಲ್ಲಿ ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬಲಗಣ್ಣಿನ ಪಾಪೆ ಯಾಕೋ ಬೆಳ್ಳಗಿದೆ" ಎಂದವರು ಅವರು. ಮೊದಲು ಹೋದ ಕಡೆ "ಮಗು ದೊಡ್ಡದಾಗಲಿ, ಆಮೇಲೆ ನೋಡೋಣ" ಅಂದಿದ್ದರು. ಅಕ್ಕ ಒಪ್ಪದೆ, ತಾವೇ ಬಸ್ಸು ಹತ್ತಿ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದರು. ಆರನೇ ವಾರದಲ್ಲಿ ಪೊರೆಯ ಆಪರೇಷನ್ ಆಯಿತು.

ಇಷ್ಟು ಎಳೆಗೂಸಿಗೆ ಈಗಲೇ ಯಾಕೆ ಎಂದು ಅತ್ತಾಗ ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಕಣ್ಣು ಬೆಳಕನ್ನು ಒಳಗೆ ಬಿಟ್ಟರೂ ನೋಡುವುದನ್ನು ಮಿದುಳು ಕಲಿಯಬೇಕಂತೆ. ಕಲಿಯುವ ಕಾಲ ಮೀರಿದರೆ ಪೊರೆ ತೆಗೆದರೂ ದೃಷ್ಟಿ ಮಂಕಾಗಿಯೇ ಉಳಿಯುತ್ತದೆ.

ಇದರ ಕಾರಣ ತೋರಿಸಿಕೊಟ್ಟವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂದು ಆಮೇಲೆ ಓದಿ ತಿಳಿದೆ. 1958ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೊತೆಯಾಗಿ, ಬೆಕ್ಕಿನ ಮಿದುಳಿನ ಒಂದೊಂದೇ ನರಕೋಶಕ್ಕೆ ಕಿವಿಗೊಟ್ಟು ಕೂತವರು. ಚುಕ್ಕಿ ತೋರಿಸಿದರೆ ಸುಮ್ಮನಿದ್ದ ಕೋಶ, ಗಾಜಿನ ಸ್ಲೈಡು ಸರಿಸುವಾಗ ಅದರ ಅಂಚಿನ ಗೆರೆಗೆ ಪಟಪಟನೆ ಮಿಡಿಯಿತಂತೆ. ಮುಂದೆ ಹಾರ್ವರ್ಡ್‌ನಲ್ಲಿ, ಎಳೇ ಬೆಕ್ಕಿನಮರಿಯ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳ ನಂತರ ಬಿಚ್ಚಿ ನೋಡಿದರು. ಕಣ್ಣು ಚೆನ್ನಾಗಿಯೇ ಇತ್ತು, ಮಿದುಳಿನ ಕೋಶಗಳು ಮಾತ್ರ ಅದಕ್ಕೆ ಓಗೊಡಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆ ಆಗಲಿಲ್ಲ. 1963ರಲ್ಲಿ ಇದನ್ನು ಪ್ರಕಟಿಸಿದರು, 1981ರಲ್ಲಿ ನೊಬೆಲ್ ಬಂತು. ಆ ಮರಿಗಳನ್ನು ನೆನೆದರೆ ಕರುಳು ಚುರ್ರೆನ್ನುತ್ತದೆ. ಅವುಗಳ ಋಣವೂ ನನ್ನ ಮಗಳ ಮೇಲಿದೆ.

ಆಪರೇಷನ್ ಆದಮೇಲೆ ಶುರುವಾಗಿದ್ದು ನಿಜವಾದ ಪಾಡು. ಬಲಗಣ್ಣಿಗೆ ಕೆಲಸ ಬೀಳಲೆಂದು ಚೆನ್ನಾಗಿರುವ ಎಡಗಣ್ಣಿಗೆ ದಿನಾ ಪಟ್ಟಿ. ಕಿತ್ತೆಸೆಯುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ನಮ್ಮತ್ತೆ ನೆನೆಸಿದ ಕಾಳಿನ ಬಟ್ಟಲಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಹಿತುಕಿಸುತ್ತಿದ್ದರು. ಬೇಳೆ ಗೋಡೆಗೆ ಹಾರಿದಾಗ ನಕ್ಕು ಪಟ್ಟಿಯನ್ನೇ ಮರೆಯುತ್ತಿದ್ದಳು. ಸಂಜೆ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಚರ್ಮ ಕೆಂಪಾಗದಂತೆ ಚೂರುಚೂರೇ ಬಿಡಿಸುತ್ತಿದ್ದರು. ಅತ್ತೆ, ಇದನ್ನು ನಿಮ್ಮೆದುರು ಹೇಳಲು ನಾಲಿಗೆ ಏಳಲಿಲ್ಲ: ಆ ಕಣ್ಣು ನೀವು ಕೊಟ್ಟಿದ್ದು. ಮಕ್ಕಳು ಆಡಿಕೊಂಡ ದಿನ ತಮ್ಮ ಕಣ್ಣಿಗೂ ಪಟ್ಟಿ ಅಂಟಿಸಿಕೊಂಡು ಪಾಠ ಮಾಡಿದ ಅಂಗನವಾಡಿ ಟೀಚರಿಗೂ ಕೈಮುಗಿಯುತ್ತೇನೆ.

ಸೋಮವಾರ ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅವಳು ಕನ್ನಡಕದ ಎಡಗಾಜನ್ನು ಅಂಗೈಯಿಂದ ಮುಚ್ಚಿಕೊಂಡು, ಎದುರಿಗೆ ಬಂದ ಬಸ್ಸಿನ ಬೋರ್ಡು ಓದಿದಳು: "ಅ-ರ-ಸೀ-ಕೆ-ರೆ. ಅಮ್ಮಾ, ನಮ್ಮ ಬಸ್ಸು!"